ಟ್ರಂಕಿನ ಮೇಲಿನ ಯಂತ್ರ

ನಮ್ಮ ಮಾವನವರು ಸರಕಾರಿ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ರಿಪೇರಿ ಆಗದ ವಸ್ತು ಜಗತ್ತಿನಲ್ಲಿ ಯಾವುದೂ ಇಲ್ಲ ಎಂಬುದು ಅವರ ನಂಬಿಕೆ. ನಿವೃತ್ತಿಯ ನಂತರ ಆ ನಂಬಿಕೆಗೆ ಬಲಿಯಾದದ್ದು ನಮ್ಮ ಮನೆ. ನೆಟ್ಟಗಿದ್ದ ಗಡಿಯಾರ ಬಿಚ್ಚಿಸಿಕೊಂಡಿತು, ಹೊಲಿಗೆ ಯಂತ್ರ ಬಿಚ್ಚಿಸಿಕೊಂಡಿತು. ನಾನು ಆ ಮನೆಯ ಸೊಸೆ. ನನ್ನನ್ನು ಮಾತ್ರ ಬಿಚ್ಚಿ ನೋಡಲಿಲ್ಲ ಎಂದು ಗಂಡನ ಮುಂದೆ ಹೇಳಿ ನಗುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಗಂಡನಿಗೆ ಖಾನಾಪುರಕ್ಕೆ ವರ್ಗವಾಯಿತು. ಬೆಳಗಾವಿಯ ಖಾಸಬಾಗದ ಮನೆಯನ್ನು ಮಾವನವರ ಮಗಳು ಅಳಿಯನಿಗೆ ಬಿಟ್ಟು ನಾವು ನಾಲ್ವರು ಖಾನಾಪುರದ ಒಂದು ಹಂಚಿನ ಮನೆಗೆ ಬಂದೆವು. ಮೇ ತಿಂಗಳಲ್ಲಿ ನೋಡಿದಾಗ ಮನೆ ಬಹಳ ತಂಪು ಎಂದು ಎಲ್ಲರೂ ಹೊಗಳಿದ್ದೆವು. ಆ ತಂಪು ಏನೆಂಬುದು ಜೂನ್‌ನಲ್ಲಿ ತಿಳಿಯಿತು. ಜಾಂಬೋಟಿ ಕಾಡಿನ ಕಡೆಯಿಂದ ಬಂದ ಮಳೆ ಹೊರಗೆ ನಿಂತರೂ ಒಳಗೆ ನಿಲ್ಲುತ್ತಿರಲಿಲ್ಲ. ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ತಲೆ ಕಳಚಿ ಬೀಳುತ್ತಿತ್ತು. ಹಪ್ಪಳ ಮಡಚಿದರೆ ಕರವಸ್ತ್ರದಂತೆ ಮಡಚಿಕೊಳ್ಳುತ್ತಿತ್ತು. ಗೋಡೆಗೆಲ್ಲ ಬೂಸ್ಟು.

ಇದೆಲ್ಲ ನಗುವ ಮಾತಾಯಿತು. ಅತ್ತೆಯವರ ದಮ್ಮು ನಗುವ ಮಾತಾಗಿರಲಿಲ್ಲ. ಖಾಸಬಾಗದಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದದ್ದು ಇಲ್ಲಿ ದಿನದ ಪಾಡಾಯಿತು. ಡಾಕ್ಟರು ಬಂದು ನೋಡಿದರು. ಅತ್ತೆಯ ಎದೆಗಿಂತ ಹೆಚ್ಚು ಹೊತ್ತು ನಮ್ಮ ಗೋಡೆಯನ್ನು ನೋಡಿದರು.

"ಮನಿ ಒಣಾ ಇಡ್ರಿ. ಆಗೂದಿಲ್ಲಂದ್ರ ಮಳಿಗಾಲ ಮುಗಿಯೂತನಾ ಇವರನ್ನ ಬೆಳಗಾವಿಗೆ ಕಳಸ್ರಿ. ಈ ಬೂಸ್ಟಿನ್ಯಾಗ ದಮ್ಮು ಕಡಿಮಿ ಆಗೂದಿಲ್ಲ."

ಅತ್ತೆಗೆ ಹೋಗುವ ಮನಸ್ಸಿರಲಿಲ್ಲ. "ಮಗಳ ಮನ್ಯಾಗ ನಾಕ ದಿನಾ ಇದ್ರ ಮರ್ಯಾದಿ, ನಾಕ ತಿಂಗಳಾ ಇದ್ರ ಏನ ಐತಿ?" ಎಂದು ಅಡುಗೆಮನೆಯಲ್ಲಿ ನನ್ನೊಬ್ಬಳ ಮುಂದೆ ಹೇಳಿದರು. ಆದರೂ ಸೀರೆಗಳನ್ನೆಲ್ಲ ತಮ್ಮ ಕಬ್ಬಿಣದ ಟ್ರಂಕಿಗೆ ತುಂಬಿ ಪಡಸಾಲೆಗೆ ತಂದಿಡಿಸಿದರು. ಮಾವ ಆ ಟ್ರಂಕನ್ನು ಒಮ್ಮೆ ನೋಡಿದರು. 'ಹೋಗಬೇಡ' ಎಂಬ ಶಬ್ದ ಅವರ ಬಾಯಿಂದ ಹೊರಡುವ ಜಾತಿಯದಲ್ಲ. ಕೊಡೆ ಎತ್ತಿಕೊಂಡು ಬೆಳಗಾವಿಯ ಬಸ್ಸು ಹತ್ತಿದರು.

ಮರುದಿನ ಒಂದು ಟೆಂಪೋ ಬಂದು ಮನೆಯ ಮುಂದೆ ನಿಂತಿತು. ಒಳಗೆ ಬೂದು ಬಣ್ಣದ, ಗೋಧಿ ಚೀಲದಷ್ಟು ಎತ್ತರದ ಯಂತ್ರ. ಮುಂದೆ ಗಾಳಿ ಸೋಸುವ ಜಾಳಿಗೆ, ಹಿಂದೆ ರಬ್ಬರ್ ಪೈಪು. ಮುಚ್ಚಿಹೋದ ಯಾವುದೋ ಔಷಧಿ ಗೋದಾಮಿನ ಸಾಮಾನು, ಲಿಲಾವಿಗೆ, ಅಂದರೆ ಹರಾಜಿಗೆ, ಬಂದಿತ್ತಂತೆ. ಗಾಳಿಯಲ್ಲಿನ ತೇವ ಹೀರಿ ನೀರು ಮಾಡಿ ಹೊರಗೆ ಬಿಡುತ್ತದೆ, ಇಡೀ ಮನೆಗೆ ಇದೊಂದೇ ಸಾಕು ಎಂದು ಮಾವ ಘೋಷಿಸಿದರು. ಸುತ್ತೆಲ್ಲ ನೀರೇ ಸುರಿಯುತ್ತಿದ್ದ ಊರಿಗೆ ನೀರು ಮಾಡುವ ಯಂತ್ರವನ್ನು ಟೆಂಪೋ ಮಾಡಿಕೊಂಡು ತಂದದ್ದನ್ನು ನೋಡಲು ಓಣಿಯವರೆಲ್ಲ ಕೊಡೆ ಹಿಡಿದು ಹೊರಗೆ ಬಂದರು.

ಹಮಾಲರು ಎಲ್ಲಿ ಇಳಿಸಬೇಕೆಂದು ಕೇಳಿದರು. ಮಾವ ಪಡಸಾಲೆಯನ್ನೆಲ್ಲ ಒಂದು ಸುತ್ತು ನೋಡಿ, ನೇರವಾಗಿ ಅತ್ತೆಯ ಟ್ರಂಕಿನ ಮೇಲೆ ಕೈ ಇಟ್ಟರು.

"ನೀರು ಇಳೀಬೇಕಂದ್ರ ಮಷೀನ್ ಎತ್ತರದಾಗ ಇರಬೇಕು. ಮನ್ಯಾಗ ಇದರಷ್ಟ ಗಟ್ಟಿ ಯಾವ್ದೂ ಇಲ್ಲ."

"ರೀ, ನನ್ನ ಸೀರಿ ಎಲ್ಲಾ ಅದರಾಗ ಅದಾವಲ್ರೀ!"

"ಇರಲಿ. ಬೆಚ್ಚಗ ಇರತಾವ."

"ಮತ್ತ ನಾ ಬೆಳಗಾವಿಗೆ ಹೋಗೂದು ಹ್ಯಾಂಗ?"

"ಬಡಿಗ್ಯಾನ ಕಡಿಂದ ಸ್ಟ್ಯಾಂಡ್ ಮಾಡಸ್ತೀನಿ. ಅಲ್ಲೀತನಾ ತಡಿ."

ಬಡಿಗ ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದ. ಆ ಮಳೆಗಾಲವೆಲ್ಲ ಅವನನ್ನು ಯಾರೂ ಕೂಗಲಿಲ್ಲ. ಅತ್ತೆ ನನ್ನ ಸೀರೆಗಳನ್ನು ಉಟ್ಟುಕೊಂಡು ಓಡಾಡಿದರು. ಮದುವೆಯಲ್ಲಿ ಬಂದ ನನ್ನ ಗುಲಾಬಿ ಸೀರೆಯಲ್ಲಿ ಅವರನ್ನು ಕಂಡು ಮಾವ ಪೇಪರ್ ಮುಖಕ್ಕೆ ಹಿಡಿದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಯಂತ್ರದ ಚಾಕರಿ ಶುರುವಾಯಿತು. ಬೆಳಿಗ್ಗೆ ಎದ್ದವರೇ ಮಾವ ಪೈಪಿನ ಕೆಳಗಿಟ್ಟ ಬಕೆಟ್ ನೋಡುತ್ತಿದ್ದರು. ಜಾಳಿಗೆ ಬಿಚ್ಚಿ ತೊಳೆಯುತ್ತಿದ್ದರು. ಒಳಗಿನ ಕೊಳವೆಗಳನ್ನು ತಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು. ತಮ್ಮ ಹಲ್ಲಿಗೆ ಅಷ್ಟು ಕಾಳಜಿ ಮಾಡಿದ್ದರೆ ಅವು ಇನ್ನೂ ಬಾಯಲ್ಲೇ ಇರುತ್ತಿದ್ದವು. ಸೋಮವಾರ ಯಂತ್ರದ ಹಣೆಗೆ ವಿಭೂತಿ. ಕರೆಂಟು ಹೋದರೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ರೋಗಿಯ ಬಳಿ ಕೂತವರಂತೆ ಕೂರುತ್ತಿದ್ದರು. ನಮಗೆಲ್ಲ ಒಂದೇ ಕಟ್ಟಪ್ಪಣೆ: ಕಿಡಕಿ, ಬಾಗಿಲು ತೆರೆಯಕೂಡದು.

ಖರೇ ಹೇಳಬೇಕೆಂದರೆ ಮನೆ ಒಣಗಿತು. ಬೆಂಕಿಕಡ್ಡಿ ಹತ್ತಿತು, ಹಪ್ಪಳ ಮುರಿಯಿತು. ಅತ್ತೆಯ ಉಸಿರು ಸಲೀಸಾಯಿತು. ಆದರೆ ಓಣಿಯ ಹೆಂಗಸರು ಬರುವುದು ನಿಂತಿತು. ಹಗಲಲ್ಲಿ ಬಾಗಿಲು ಹಾಕಿದ ಮನೆಗೆ ನಮ್ಮಲ್ಲಿ ಯಾರೂ ಬರುವುದಿಲ್ಲ; ಮನೆಯವರು ಊರಿಗೆ ಹೋಗಿರಬೇಕು, ಇಲ್ಲ ಮನೆಯಲ್ಲಿ ಜಗಳ ನಡೆದಿರಬೇಕು. ಎದುರು ಮನೆಯ ಮರಾಠಿ ಹೆಣ್ಣುಮಗಳು ಒಂದು ದಿನ ಬಾಗಿಲು ಬಡಿದು, "ಕಾಕೂ, ಆರಾಮ ಅದೀರಿಲ್ಲ? ಬಾಗಲಾ ಹಾಕಿದ್ದ ನೋಡಿ ನಾ ಹೆದರಿದ್ನಿ" ಎಂದು ಕೇಳಿ ಹೊಸ್ತಿಲಿಂದಲೇ ಹೋದಳು.

"ಉಸರಾಡಾಕ ಸಲೀಸ ಆಗೇತಿ," ಎಂದರು ಅತ್ತೆ. "ಆದ್ರ ಮಾತಾಡಾಕ ಯಾರ ಅದಾರ? ಆ ಮಷೀನ್ ಕೂಡ ಮಾತಾಡ್ಲೇನ?"

ಇದರ ಜೊತೆಗೆ ಸಂಜೆ ದೀಪ ಹಚ್ಚುವ ಹೊತ್ತಿನ ಚಿಂತೆ. ಆ ಹೊತ್ತಿಗೆ ಮುಂಬಾಗಿಲು ಮುಚ್ಚಿದರೆ ಲಕ್ಷ್ಮಿ ಹಿಂದಕ್ಕೆ ಹೋಗುತ್ತಾಳೆ ಎಂಬುದು ಅತ್ತೆಯ ಮಾತು. ಅದೇ ಹೊತ್ತಿಗೆ ಮಾವ ಸ್ನಾನ ಮಾಡಿ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂರುತ್ತಿದ್ದರು. ಅಂಗೈಯಲ್ಲಿ ಲಿಂಗ, ಅದರ ಮೇಲೆ ಕಣ್ಣು. ಮುಗಿಯುವವರೆಗೆ ಏಳುವುದಿಲ್ಲ, ಮಾತಾಡುವುದಿಲ್ಲ. ನಾವು ಅತ್ತೆ ಸೊಸೆ ಮುಂಬಾಗಿಲ ಎರಡೂ ಕದ ತೆರೆದೆವು. ಲಕ್ಷ್ಮಿಯ ಹಿಂದೆಯೇ ಎದುರು ಮನೆಯವಳೂ ಬಂದಳು, ಮತ್ತಿಬ್ಬರೂ ಬಂದರು. ಜಾಂಬೋಟಿಯ ಗಾಳಿಯೂ ಬಂದು ಕೂತಿತು. ದಿನಾ ಅದೇ ಪದ್ಧತಿಯಾಯಿತು. ಪೂಜೆಯ ಗಂಟೆ ಕೇಳಿದ ಕೂಡಲೇ ಎಲ್ಲರೂ ಎದ್ದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು.

ಬಕೆಟ್ಟಿನಲ್ಲಿ ನೀರು ಜಾಸ್ತಿಯಾಯಿತು. ಮಾವನಿಗೆ ಹಿಗ್ಗೋ ಹಿಗ್ಗು. "ಮಷೀನ್ ಈಗ ಪಳಗೇತಿ ನೋಡು," ಎಂದು ಮಗನನ್ನು ಕರೆದು ತೋರಿಸಿದರು. ಅತ್ತೆ ನನ್ನ ಸೆರಗಿನಿಂದ, ಅಂದರೆ ತಾವು ಉಟ್ಟಿದ್ದ ನನ್ನ ಸೀರೆಯ ಸೆರಗಿನಿಂದ, ಬಾಯಿ ಮುಚ್ಚಿಕೊಂಡರು.

ಶ್ರಾವಣದಲ್ಲಿ ಖಾಸಬಾಗದಿಂದ ಅಳಿಯ ಬಂದರು. ಕಾರ್ಖಾನೆಯಲ್ಲಿ ಇಂಥ ಯಂತ್ರಗಳ ನಡುವೆಯೇ ದುಡಿಯುವವರು. ಮಾವ ತುಂಬಿದ ಬಕೆಟ್ಟನ್ನು ಹಬ್ಬದ ಹೋಳಿಗೆಯಂತೆ ಅವರ ಮುಂದೆ ಇಟ್ಟರು. ಅಳಿಯ ಬಗ್ಗಿ ನೋಡಿ ಹೇಳಿದರು:

"ಮಾವಾರ, ಮನಿ ಒಣಗಿದಂಗ ನೀರು ಕಡಿಮಿ ಆಗಬೇಕ್ರಿ. ಇಷ್ಟ ಬರಾಕತ್ತೇತಿ ಅಂದ್ರ ಎಲ್ಲೋ ಬಾಗಲಾ ತಗದ ಇಡಾಕತ್ತಾರ. ನೀವು ಮನಿ ಅಲ್ಲ, ಊರ ಒಣಗಸಾಕತ್ತೀರಿ. ಇದನ್ನ ನಂಬಿಕೊಂಡ ಕುಂದರಬ್ಯಾಡ್ರಿ, ಅತ್ತಿಯವರನ್ನ ನಾ ಕರಕೊಂಡ ಹೋಗತೀನಿ."

ನಾನು ನೆಲ ನೋಡಿದೆ. ಅತ್ತೆ ಗೋಡೆ ನೋಡಿದರು. ಮಾವ ನಮ್ಮಿಬ್ಬರನ್ನೂ ನೋಡಿದರು. ಫೋರ್‌ಮನ್ ಕಣ್ಣು, ಎಲ್ಲಿ ಬೋಲ್ಟು ಸಡಿಲಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಆಮೇಲೆ ಅಳಿಯನ ಕಡೆ ತಿರುಗಿ ಶಾಂತವಾಗಿ, "ಟ್ರಂಕಿನ ಮ್ಯಾಲ ಮಷೀನ್ ಐತಿ. ಆಕಿ ಹ್ಯಾಂಗ ಬರತಾಳ?" ಎಂದರು.

ಅಳಿಯ ಒಬ್ಬರೇ ಬಸ್ಸು ಹತ್ತಿದರು. ಮರುದಿನ ಮಾವ ಪೂಜೆಯನ್ನು ಬೇಗ ಮುಗಿಸಿದರು. ದೀಪದ ಹೊತ್ತಿಗೆ ಯಂತ್ರದ ಸ್ವಿಚ್ಚು ಆರಿಸಿ, ತಾವೇ ಮುಂಬಾಗಿಲು ತೆರೆದು, ಜಾಳಿಗೆ ಮತ್ತು ಬ್ರಷ್ಷು ಹಿಡಿದು ಹೊಸ್ತಿಲ ಪಕ್ಕದಲ್ಲಿ ಕೂತರು.

"ಸಂಜೀಕ ಮಷೀನಿಗೆ ರೆಸ್ಟ್ ಕೊಡಬೇಕು. ಜಾಳಿಗಿ ತಿಕ್ಕಬೇಕಂದ್ರ ಬಾಗಲಾ ತಗದಿರಬೇಕು, ಇಲ್ಲಂದ್ರ ಧೂಳಾ ಒಳಗ ಕುಂದರತೈತಿ."

ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಖಾನಾಪುರದಲ್ಲಿ ಧೂಳು ಸತ್ತು ಎಷ್ಟೋ ದಿನವಾಗಿತ್ತು. ಅಂದಿನಿಂದ ದಿನಾ ಅವರು ಜಾಳಿಗೆ ತಿಕ್ಕುವುದು, ಹೆಂಗಸರು ಮಾತಾಡುವುದು. "ಕಾಕಾ, ಜಾಳಿಗಿ ಸವದ ಹೋಗತೈತ್ರಿ," ಎಂದು ಎದುರು ಮನೆಯವಳು ಕೆಣಕುತ್ತಿದ್ದಳು. ಅವರು ತಲೆ ಎತ್ತುತ್ತಿರಲಿಲ್ಲ. ಅತ್ತೆ ಜೋರಾಗಿ ನಕ್ಕಾಗ ಮಾತ್ರ ಬ್ರಷ್ಷು ನಿಲ್ಲುತ್ತಿತ್ತು. ಕೆಮ್ಮು ಬರುತ್ತದೋ ಎಂದು ಕೇಳಿಸಿಕೊಂಡು ಮತ್ತೆ ತಿಕ್ಕಲು ತೊಡಗುತ್ತಿದ್ದರು. ಅದನ್ನು ಕಂಡ ದಿನ ಬಾಗಿಲು ಮುಚ್ಚಿಸಿದ್ದಕ್ಕೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ದಸರೆ ಕಳೆದು ಮಳೆ ಹಿಂದಾಯಿತು. ಹಮಾಲರನ್ನು ಕರೆಸಿ ಯಂತ್ರ ಇಳಿಸಿದೆವು. ಅತ್ತೆ ಟ್ರಂಕು ತೆರೆದರು. ಗಪ್ಪನೆ ಮುಗ್ಗಲು ವಾಸನೆ. ಹಿಂದಿನ ಪೈಪಿನ ಜೋಡಣೆಯಲ್ಲಿ ಸಣ್ಣದೊಂದು ಸೋರಿಕೆ. ಮಳೆಗಾಲವೆಲ್ಲ ಹನಿ ಹನಿಯಾಗಿ ಮುಚ್ಚಳದ ಬಿಜಾಗರಿಯ ಸಂದಿಯಿಂದ ನೀರು ಒಳಗೆ ಇಳಿದಿತ್ತು. ಇಳಕಲ್ ಸೀರೆಗಳ ಮೇಲೆ ಬೂಸ್ಟು ಬೆಳೆದು ನಿಂತಿತ್ತು. ಇಡೀ ಮನೆಯಲ್ಲಿ ಒಣಗದೆ ಉಳಿದ ಜಾಗ ಅದೊಂದೇ.

ಜಾಳಿಗೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ ಫೋರ್‌ಮನ್ ಪೈಪಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಮಾವ ಆ ಜೋಡಣೆಗೆ ಬೆರಳಿಟ್ಟು ನೋಡಿದರು. ಅತ್ತೆ ಒಂದು ಸೀರೆ ಎತ್ತಿದರು, ಮಡಿಕೆಯಲ್ಲೇ ಹರಿಯಿತು. ಅವರು ಬಯ್ಯುವುದನ್ನು ನಾವೆಲ್ಲ ಕಾಯುತ್ತಾ ನಿಂತೆವು.

"ಮುಂದಿನ ಮಳಿಗಾಲಕ್ಕ ಮಗಳ ಮನಿಗೆ ಹೋಗೂಣಂದ್ರ ಉಡಾಕ ಒಂದ ಸೀರೀನೂ ಇಡಲಿಲ್ಲ ನೀವು," ಎಂದರು. ದನಿ ಬಯ್ಯುವವರದು, ಮುಖ ಮಾತ್ರ ಅಲ್ಲ.

ಮಾವ ಬಗ್ಗಿ ಟ್ರಂಕಿನ ಮುಚ್ಚಳ ಹಾಕಿ, ಬೆರಳಿನಿಂದ ಬಾರಿಸಿ ನೋಡಿದರು.

"ಟ್ರಂಕ್ ಗಟ್ಟಿ ಐತಿ," ಎಂದರು. "ಮುಂದಿನ ವರ್ಷಕ್ಕೂ ಆಗತೈತಿ."