ಬೆನ್ನ ಮೇಲೆ ಗೆರೆಯಿಲ್ಲದ ಅಳಿಲು

ನನ್ನ ಗಂಡ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಮೊಟ್ಟೆ ಇದೆಯೇ ಎಂದು ಓದದೆ ಒಂದನ್ನೂ ಬಾಯಿಗಿಡುವವರಲ್ಲ. ಬಾತ್‌ರೂಮಿನಲ್ಲಿ ಜೇಡ ಕಂಡರೆ ಟವೆಲ್ ಸುತ್ತಿಕೊಂಡು ಹೊರಗೆ ಬಂದು ನನ್ನನ್ನು ಕೂಗುವವರು. ಧಾರವಾಡದ ಅಪ್ಪಟ ಸಸ್ಯಾಹಾರಿ. ಇಂಥವರು ತೊಂಬತ್ತರ ದಶಕದ ಕೊನೆಗೆ, ಈ ಇಂಗ್ಲಿಷರ ನಾಡಿನಲ್ಲಿ ನಾವು ಕೆಂಟನ್ನಿನ ಫ್ಲ್ಯಾಟ್ ಬಿಟ್ಟು ಸ್ಟ್ಯಾನ್ಮೋರಿನಲ್ಲಿ ಮನೆ ಮಾಡಿದ ಮರುವರ್ಷ, ಏರ್‌ಗನ್ ಕ್ಲಬ್ಬಿಗೆ ಸೇರಲು ಹೊರಟರು.

ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಊರಂಚಿನ ಸಾರ್ವಜನಿಕ ಕಾಡಿಗೆ ಹೋಗಿ ಬೂದು ಅಳಿಲುಗಳನ್ನು ಹೊಡೆಯುತ್ತಿದ್ದರು. ಅಳಿಲು ಎಳೆಯ ಮರಗಳ ತೊಗಟೆ ಸುಲಿಯುತ್ತದೆ, ಮರ ಒಣಗುತ್ತದೆ, ಕಾಡು ನೋಡಿಕೊಳ್ಳುವವರಿಗೆ ಜನ ಸಾಲದು. ಅದಕ್ಕೆ ಕ್ಲಬ್ಬಿನವರ ಪುಕ್ಕಟೆ ಸಹಾಯ. ಮರದ ಮಾತು ನಿಜವೇ, ಇಲ್ಲವೆನ್ನುವುದಿಲ್ಲ. ಆದರೆ ಅವರ ಅವತಾರ ನೋಡಬೇಕಿತ್ತು! ಹಲ್ಲಿನ ಡಾಕ್ಟರು, ಇನ್ಶೂರೆನ್ಸಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲರೂ ಮುಖಕ್ಕೆ ಹಸಿರು ಬಲೆ ಇಳಿಬಿಟ್ಟುಕೊಂಡು ಗಡಿ ಕಾಯಲು ಹೊರಟವರ ಹಾಗೆ. ಶತ್ರುವೋ, ಬಾಲ ಬಿಟ್ಟರೆ ಗೇಣುದ್ದ. ಕಾಡೋ, ನಟ್ಟನಡುವೆ ನಿಂತರೂ ಬಸ್ಸಿನ ಸದ್ದು ಕೇಳಿಸುವಂಥದ್ದು. ಕೊಲ್ಲುವುದು ಎಂಬ ಮಾತು ಯಾರ ಬಾಯಲ್ಲೂ ಇಲ್ಲ, ‘ಕಂಟ್ರೋಲ್’ ಅನ್ನಬೇಕು.

ರಾಮನ ಸೇತುವೆಗೆ ಮರಳು ಹೊತ್ತ ಪ್ರಾಣಿಯನ್ನು ಹೊಡೆಯಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕೇಳಿದೆ. ಇವರು ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದರು.

“ಇದರ ಬೆನ್ನ ಮ್ಯಾಲ ಗೆರಿ ಎಲ್ಲೈತಿ ತೋರಿಸು. ರಾಮ ಕೈಯಾಡಿಸಿದ್ದು ನಮ್ಮ ಅಳಿಲಿಗೆ, ಇದಕ್ಕಲ್ಲ.”

ಕನ್ನಡ ಸಂಘದ ಯುಗಾದಿಗೆ ಕುರ್ಚಿ ಜೋಡಿಸಲು ಕರೆದರೆ ಬೆನ್ನುನೋವು ಎನ್ನುತ್ತಿದ್ದ ಈ ಮನುಷ್ಯ, ಕ್ಲಬ್ಬಿನಲ್ಲಿ ಮಾಡುವುದು ತಮ್ಮ ಅಳಿಲು ಸೇವೆ ಎಂದು ಹೇಳಿ ತಾವೇ ನಕ್ಕರು.

ಅಸಲು ಸಂಗತಿ ಅಳಿಲೂ ಅಲ್ಲ, ಮರವೂ ಅಲ್ಲ. ನಮ್ಮ ಬೀದಿಯ ಬಿಳಿಯ ಗಂಡಸರಲ್ಲಿ ಅರ್ಧ ಜನ ಆ ಕ್ಲಬ್ಬಿನವರು. ನನ್ನ ಗಂಡ ಎದುರಾದರೆ ಅವರು ಇವತ್ತು ಚಳಿ ಜಾಸ್ತಿ ಎಂದು ಹೇಳಿ ಕಾರು ಹತ್ತುತ್ತಿದ್ದರು. ತಮ್ಮತಮ್ಮಲ್ಲಾದರೆ ಗೇಟಿನ ಹತ್ತಿರ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನಲ್ಲಿ ತಾನೂ ಒಬ್ಬನಾಗಬೇಕು ಎಂಬುದು ನನ್ನ ಗಂಡನ ಆಸೆ. ಅದು ಗೊತ್ತಿದ್ದುದರಿಂದಲೇ ನಾನು ಹೆಚ್ಚು ಜಗಳ ತೆಗೆಯಲಿಲ್ಲ.

ಕ್ಯಾಪ್ಟನ್ ಒಪ್ಪಿ ಪೂರ್ತಿ ಮೆಂಬರ್ ಮಾಡಿಕೊಳ್ಳುವ ತನಕ ಹೊಸಬರಿಗೆ ಕಾಡಿನಲ್ಲಿ ಬಂದೂಕಿಲ್ಲವಂತೆ, ಹಿಂದಿನಿಂದ ನಡೆಯಬೇಕಂತೆ. ಹೀಗಾಗಿ ಆ ಚಳಿಗಾಲವಿಡೀ ಇವರು ಸೈನಿಕರ ಟೊಪ್ಪಿಗೆಯ ಕೆಳಗೊಂದು ಮಂಕಿ ಕ್ಯಾಪ್ ಹಾಕಿಕೊಂಡು, ಕ್ಲಬ್ಬಿನವರ ಚಹಾದ ಫ್ಲಾಸ್ಕನ್ನೂ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನೂ ಹೊತ್ತರು. ರಾಮನ ಅಳಿಲು ಮರಳಾದರೂ ಹೊತ್ತಿತ್ತು. ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುವುದು ಬೇರೆ. ಮುಂದಿನ ಚಳಿಗಾಲಕ್ಕೆ ಇವರ ನಂತರ ಸೇರಿದವನ ಕೈಗೆ ಬಂದೂಕು ಬಂತು. ಇವರ ಕೈಯಲ್ಲಿ ಮತ್ತದೇ ಫ್ಲಾಸ್ಕು.

ಕೊನೆಗೆ ಇವರು ಕ್ಯಾಪ್ಟನ್ನರನ್ನು ಮನೆಗೆ ಚಹಾಕ್ಕೆ ಕರೆದರು. ಮೆಂಬರ್ ಆಗುವ ಮಾತು ಇವತ್ತು ಮುಗಿಸಿಬಿಡುತ್ತೇನೆ ಎಂದು ಬೆಳಿಗ್ಗೆಯಿಂದ ಮನೆಯೆಲ್ಲ ಓಡಾಡಿದರು. ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಮಿರ್ಚಿ ಭಜಿ ಕರಿದರು. ಕ್ಯಾಪ್ಟನ್ ಬಿಳಿ ಮೀಸೆಯ, ಮೆತ್ತಗಿನ ಮಾತಿನ ಮುದುಕರು. ಬೆವರು ಒರೆಸಿಕೊಳ್ಳುತ್ತ ಮಿರ್ಚಿ ತಿಂದರು, ಹೊಗಳಿದರು. ಅಷ್ಟರಲ್ಲಿ ನಮ್ಮ ಹಿತ್ತಲಿನ ಬೇಲಿಯ ಮೇಲೊಂದು ಅಳಿಲು ಓಡಿತು. ಅವರು ಅದನ್ನೇ ತೋರಿಸಿ ಕಥೆ ಶುರು ಮಾಡಿದರು. ಹಿಂದೆ ಯಾರೋ ಸಿರಿವಂತರು ಚಂದಕ್ಕೆಂದು ಅಮೆರಿಕದಿಂದ ತಂದು ಬಿಟ್ಟವಂತೆ. ಅವು ಮರಿ ಹಾಕಿ ಹಾಕಿ ಹಬ್ಬಿ, ಇಲ್ಲಿಯ ಕೆಂಪು ಅಳಿಲಿಗೆ ಜಾಗವೇ ಇಲ್ಲದಂತಾಯಿತಂತೆ.

“ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಇಲ್ಲಿಯವಲ್ಲ. ಒಂದು ತೋಟ ಬಿಟ್ಟುಕೊಟ್ಟರೆ ಇಡೀ ಬೀದಿ ಅವುಗಳದ್ದಾಗುತ್ತದೆ” ಎಂದರು.

ನನ್ನ ಗಂಡ ಹೌದು ಹೌದೆಂದು ಗೋಣು ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಚುಚ್ಚಿ ಆಡಿದ್ದಲ್ಲ, ನಿಜಕ್ಕೂ ಅಳಿಲಿನ ಮಾತೇ ಆಡಿದ್ದು. ಅದಕ್ಕೇ ಇನ್ನಷ್ಟು ಉರಿಯಿತು.

ಇಂಗ್ಲಿಷ್ ಬಾರದ ಅತ್ತೆ ಅವರೇನು ಹೇಳಿದರೆಂದು ಕೇಳಿದರು. ಇವರು ಹೇಳಿದರು. ಅವು ಬಂದು ಎಷ್ಟು ವರ್ಷವಾಯಿತು ಎಂದು ಅತ್ತೆಯ ಮರುಪ್ರಶ್ನೆ. ಇವರು ಇಂಗ್ಲಿಷಿನಲ್ಲಿ ಕೇಳಿದರು. ನೂರು ವರ್ಷದ ಮೇಲಾಯಿತು ಎಂದರು ಕ್ಯಾಪ್ಟನ್. ಅದನ್ನೂ ಇವರು ಕನ್ನಡಕ್ಕೆ ತಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮಗನ ಮುಖ ನೋಡಿದರು. ಕುಹಕವಿರಲಿಲ್ಲ ಆ ನೋಟದಲ್ಲಿ, ಬರೀ ಚಿಂತೆ.

“ನೂರು ವರ್ಷ ಆದ್ರೂ ಹೊರಗಿನವು ಅಂದ್ರ, ನಿನ್ನ ಯಾವಾಗ ಒಳಗ ಕರ್ಕೊಂತಾರೋ ತಮ್ಮಾ?”

ಇವರ ಮುಖ ಬಾಡಿತು. ಎರಡು ಚಳಿಗಾಲ ಕಾಡಿನಲ್ಲಿ ಅಲೆದಾಗಲೂ ಅಷ್ಟು ದಣಿದ ಮುಖವನ್ನು ನಾನು ಕಂಡಿರಲಿಲ್ಲ. ಪಾಪ ಅನ್ನಿಸಿತು, ಸಿಟ್ಟೂ ಬಂತು. ತಾಯಿ ಏನೆಂದರು ಎಂದು ಕ್ಯಾಪ್ಟನ್ ಅಕ್ಕರೆಯಿಂದ ವಿಚಾರಿಸಿದರು.

“ಇನ್ನೊಂದು ಮಿರ್ಚಿ ತಗೊಳ್ಳಿ ಅಂತಿದ್ದಾರೆ” ಎಂದರು ನನ್ನ ಗಂಡ.

ಕ್ಯಾಪ್ಟನ್ ಸಂತೋಷದಿಂದ ತಟ್ಟೆ ಮುಂದೆ ಚಾಚಿದರು. ನಾನು ಮಿರ್ಚಿಯ ಬುಟ್ಟಿ ಎತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟೆ.