ಪಂಪಾಪತಿ ಸರ್ ಕಂಡ ಕೆಂಪು ಚುಕ್ಕಿ

ಪಂಪಾಪತಿ ಸರ್ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡೇ ಇಲ್ಲ. ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಅವರು ಪಾಠದ ನಡುವೆ ಕಿಟಕಿಗೆ ಹೋಗುವರು, ಬಾಗಿಲಿಗೆ ಬರುವರು, ಇದ್ದಕ್ಕಿದ್ದಂತೆ ಹಿಂದಿನ ಬೆಂಚಿನಿಂದ ಮಾತಾಡುವರು. ಕತ್ತು ತಿರುಗಿಸಿ ನಮಗೆ ಸಾಕಾಗುತ್ತಿತ್ತು. ಹೊರಗೆ ಸಂಡೂರಿನ ಗಣಿಯಿಂದ ಧೂಳೆಬ್ಬಿಸಿ ಬರುವ ಅದಿರಿನ ಲಾರಿಗಳು, ಒಳಗೆ ಇವರು. ಆ ವರ್ಷಗಳಲ್ಲಿ ನಮ್ಮೂರಲ್ಲಿ ಯಾವುದೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಜೀವಿಗಳನ್ನು ಗುರುತಿಸಲು ಅವರು ಕಲಿಸಿದ್ದು ಇಷ್ಟೇ: "ಮೊದ್ಲು ರೂಪ ನೋಡ್ರಿ, ಆಮ್ಯಾಲೆ ಊರು ಕೇಳ್ರಿ. ಎರಡೂ ಕೂಡಿದ್ರ ಹೆಸ್ರು ಹೇಳ್ರಿ." ಇದನ್ನು ಮನುಷ್ಯರ ಮೇಲೂ ಪ್ರಯೋಗಿಸುವರು. ಬಸ್ಸಿನಲ್ಲಿ ಪಕ್ಕದವರ ರುಮಾಲನ್ನು ದಿಟ್ಟಿಸಿ, "ಕಂಪ್ಲಿ ಕಡೇರೇನ್ರಿ?" ಎನ್ನುವರು. "ಅಲ್ರಿ, ಬಂಡ್ರಿ ಊರವ್ರು" ಎಂದು ಉತ್ತರ ಬಂದರೆ, ಇಳಿಯುವ ತನಕ ಆ ಮನುಷ್ಯನನ್ನೇ ಅನುಮಾನದಿಂದ ನೋಡುವರು.

ಚಳಿಗಾಲದಲ್ಲಿ ನಮ್ಮನ್ನು ಕಾರವಾರದ ಕಡೆಯ ಕಡಲಿಗೆ ಕರೆದೊಯ್ದರು. ನೀರು ಇಳಿದ ಹೊತ್ತಿನಲ್ಲಿ ಬಂಡೆಯ ಸಂದಿಯಲ್ಲೊಂದು ಚಿಪ್ಪಿಲ್ಲದ ಕಡಲ ಬಸವನಹುಳು ಸಿಕ್ಕಿತು. ಹೆಬ್ಬೆರಳುದ್ದದ ಬಿಳಿ ಮೈ, ತಲೆಯ ಮೇಲೆ ಎರಡು ಕೊಂಬು, ಬೆನ್ನಿನ ಮೇಲೆ ಹೂವಿನಂತೆ ಅರಳಿದ ಕಿವಿರು, ಅಂಚಿನ ತುಂಬ ಕೆಂಪು ಚುಕ್ಕಿ. ಅವರ ಪುಸ್ತಕದ ಪ್ರಕಾರ ಕೆಂಪು ಚುಕ್ಕಿಯ ಜಾತಿ ಇರುವುದು ರಾಮೇಶ್ವರದ ಕಡಲಿನಲ್ಲಿ ಮಾತ್ರ. ಈ ದಂಡೆಯಲ್ಲಿರುವುದು ಬರೀ ಬಿಳಿಯದು. "ಇದು ಇಲ್ಲಿ ಇರಬಾರ್ದಿತ್ತಲ್ರಲೇ" ಎನ್ನುತ್ತ ಸರ್ ಮೊಳಕಾಲುದ್ದ ನೀರಿನಲ್ಲೇ ಸುತ್ತು ಹಾಕಿದರು. ಅದರ ಫೋಟೋ ತೆಗೆದು ಧಾರವಾಡದ ವಿಶ್ವವಿದ್ಯಾಲಯಕ್ಕೆ ಕಳಿಸಿದ ಮೇಲೆ, ಅಲ್ಲಿನ ವಿಚಾರಸಂಕಿರಣದಲ್ಲಿ ಮಂಡಿಸಲು ಸರ್‌ಗೆ ಕರೆ ಬಂತು. ಜೀವಮಾನವೆಲ್ಲ ಬೇರೆಯವರ ಪುಸ್ತಕ ಓದಿಸಿದವರಿಗೆ, ತಮ್ಮದೂ ಒಂದು ಸಾಲು ಅದರಲ್ಲಿ ಸೇರಲಿ ಎಂಬ ಆಸೆ. ನಮಗೂ ಅದೇ ಆಸೆಯಿತ್ತು.

ಮಂಡಿಸುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಮತ್ತೆ ಹೊರಡಿಸಿದರು. ಅದೇ ಬಂಡೆ, ಅಂಥದೇ ಹುಳು. ಅದನ್ನು ಬಟ್ಟಲಿಗೆ ಹಾಕಿದ ಗೆಳತಿ ಗಿರಿಜಾ, ಬಟ್ಟೆಯಲ್ಲಿ ಸೋಸಿದ ಕಡಲ ನೀರನ್ನು ಅದರ ಮೇಲೆ ಮೆಲ್ಲಗೆ ಹನಿಸಿದಳು. ಏನೇ ಆಗಲಿ ತೊಳೆದೇ ಮುಟ್ಟುವುದು ಆ ಧೂಳಿನ ಕಾಲದಲ್ಲಿ ನಮ್ಮೂರ ಹೆಂಗಸರ ರೂಢಿ. ಚುಕ್ಕಿಗಳು ಒಂದೊಂದಾಗಿ ಬಿಟ್ಟುಕೊಂಡು ತಳಕ್ಕಿಳಿದವು. ಉಳಿದದ್ದು ಬರೀ ಬಿಳಿ ಹುಳು.

ಸರ್ ತಳದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದರು. ಸ್ವಲ್ಪ ದೂರದಲ್ಲೇ ಹಡಗಿಗೆ ಅದಿರು ತುಂಬುತ್ತಿದ್ದರು. "ಇದು ನಮ್ಮ ಸಂಡೂರಿನ ಮಣ್ಣು ನೋಡವ್ವ" ಎಂದರು ಗಿರಿಜಾಳಿಗೆ. ಮನೆಯಲ್ಲಿ ಲೋಟ ತೊಳೆಯದೆ ನೀರು ಕುಡಿಯದ ಮನುಷ್ಯನಿಗೆ, ಕಡಲಿನಿಂದ ತೆಗೆದದ್ದನ್ನೂ ತೊಳೆಯಬೇಕೆಂದು ಹೊಳೆದಿರಲಿಲ್ಲ. ಧೂಳನ್ನು ಊರಲ್ಲೇ ಬಿಟ್ಟು ಬಂದಿದ್ದೇವೆಂದು ಅವರು ನಂಬಿದ್ದರು.

"ಯಾರ್ ಕೇಳ್ತಾರ್ರೀ? ಫೋಟೋ ಐತಿ, ಓದಿಬಿಡ್ರಿ. ಕಾಲೇಜಿಗೆ ಹೆಸ್ರು ಬರ್ತೈತಿ" ಎಂದರು ಪ್ರಿನ್ಸಿಪಾಲರು. ಸರ್ ಧಾರವಾಡಕ್ಕೇನೋ ಹೋದರು. ಆದರೆ ವೇದಿಕೆ ಹತ್ತಿ ಹೇಳಿದ್ದು ಬೇರೆ: "ರೂಪ ನೋಡೂದ್ರಾಗ ತಪ್ಪೀನ್ರಿ. ಹುಳು ಕಾರವಾರದ್ದ ಐತಿ. ಕೆಂಪು ಮಾತ್ರ ನಮ್ಮೂರಿಂದು." ಸಭೆ ನಕ್ಕಿತು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುವರ್ಷ ಅವರು ಕಾರವಾರಕ್ಕೆ ವರ್ಗ ಕೇಳಿ ಪಡೆದರು. ಕಳಿಸಲು ಸ್ಟೇಷನ್ನಿಗೆ ಹೋಗಿದ್ದೆ. ನಾನು ಅವರನ್ನು ಕಂಡದ್ದು ಅದೇ ಕೊನೆ.

"ಈ ವಯಸ್ಸಿನಾಗ ಯಾಕ್ ಹೊಂಟ್ರಿ ಸರ್?"

"ಈ ಧೂಳಿನಾಗ ಆ ಬಿಳೇ ಹುಳ ಇನ್ನೂ ಎಷ್ಟು ದಿನ ಬದುಕ್ತಾವೋ, ಅಲ್ಲೇ ಇದ್ದು ನೋಡ್ತೀನವ್ವ. ಜಲ್ದಿ ಮುಟ್ಟಬೇಕು" ಎಂದವರು ಬೋಗಿಯ ಬಾಗಿಲಲ್ಲೇ ನಿಂತರು.

ಗಾಡಿ ಹೊರಡಲಿಲ್ಲ. ಪಕ್ಕದ ಹಳಿಯ ಮೇಲೆ ಅದಿರು ತುಂಬಿದ ಗೂಡ್ಸ್ ಗಾಡಿ ಬಂದು ನಿಂತಿತು. ಅದಕ್ಕೂ ಕಡಲಿಗೇ ಹೋಗಬೇಕಿತ್ತು. ಅದನ್ನೇ ಮೊದಲು ಬಿಟ್ಟರು.