ಕಮಲತ್ತೆಯ ಪುರಾವೆ

ನಿನ್ನೆ ಸಂಜೆ ತಿಕೋಟಾದ ಬಸ್ಸಿನಲ್ಲಿ ನನಗೊಂದು ಒಣದ್ರಾಕ್ಷಿಯ ಗಂಟು ಬಂತು. ಬಿಚ್ಚಿದೊಡನೆ ಮನೆಯೆಲ್ಲ ಘಮ್ಮೆಂದಿತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಹಾಕಿದರೆ ಸಿಕ್ಕಿದ್ದು ದ್ರಾಕ್ಷಿಯಲ್ಲ, ಕೆಂಪು ದಾರ ಕಟ್ಟಿದ ಪೆನ್ ಡ್ರೈವ್. ನನ್ನ ಸೋದರತ್ತೆ ಕಮಲತ್ತೆ ಸಾಮಾನು ಕಳಿಸುವ ಪದ್ಧತಿಯೇ ಹೀಗೆ. ನಿನ್ನ ಮೊಬೈಲಿಗೆ ಬಂದಿರುವ ಮೊಮ್ಮಗನ ಶಾಲೆಯ ಕುಣಿತದ ವಿಡಿಯೊವನ್ನು ಇದಕ್ಕೆ ತುಂಬಿ ಕಳಿಸು ಎಂದು ಫೋನಿನಲ್ಲಿ ಹೇಳಿದ್ದಳು. ಯಾವುದರೊಳಗೆ ಹುದುಗಿಸಿಟ್ಟಿದ್ದೇನೆಂದು ಹೇಳಿರಲಿಲ್ಲ. ನನ್ನ ಅವಸರ ಇನ್ನೊಂದು ಚೂರು ಹೆಚ್ಚಾಗಿದ್ದರೆ ಅದನ್ನೂ ಜಗಿದುಬಿಡುತ್ತಿದ್ದೆ.

ಅದರ ಮೈಮೇಲಿನ ಗೀರಿನಲ್ಲಿ ಕುಂಕುಮ ಇನ್ನೂ ಕೂತಿತ್ತು. ನೋಡಿ ಒಬ್ಬಳೇ ಪಕಪಕ ನಕ್ಕೆ. ಪೆನ್ ಡ್ರೈವಿಗೆ ಕುಂಕುಮ ಹಚ್ಚುವವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ, ತಿಕೋಟಾದಲ್ಲಿ.

ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಮಾತು ಹೇಳಬೇಕು. ಇಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಸುಮ್ಮನೆ ತೆಗೆಯುವಂತಿಲ್ಲ. ಶುಭಕಾರ್ಯಗಳಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತಾಗ ಮಾತ್ರ, ಪ್ರಾಸ ಕೂಡಿಸಿದ ಒಡಪಿನೊಳಗೆ ಹೆಸರು ಸೇರಿಸಿ ಹೇಳಬೇಕು. ಅತ್ತೆ ಒಡಪಿನಲ್ಲಿ ಎತ್ತಿದ ಕೈ. ಮಾವ ಮಾತ್ರ ತುಟಿ ಬಿಚ್ಚಿದವರಲ್ಲ. ಅವರ ಪಾಲಿಗೆ ಹೆಂಡತಿಯ ಹೆಸರು 'ಏ ಇಕಿನ'. ಕೆಲವು ವರ್ಷಗಳ ಹಿಂದೆ, ಹೊಸ ಮನೆಯ ವಾಸ್ತುಶಾಂತಿಯ ದಿನ ಮಾತ್ರ ಸಿಕ್ಕಿಬಿದ್ದರು. ಒಡಪು ಹೇಳುವ ತನಕ ಹೊಸ್ತಿಲು ದಾಟಲು ಹೆಂಗಸರು ಬಿಡಲಿಲ್ಲ. ಮಾವ ಬೆವೆತು, ಕೆಮ್ಮಿ, ಆಕಾಶ ನೋಡಿ, ಕೊನೆಗೆ ಅಂದೇಬಿಟ್ಟರು:

"ತ್ವಾಟದಾಗ ಹಂದರ, ಹಂದರದಾಗ ಗೊನಿ,
ಕಮಲಾ ಬೈತಿದ್ದರನ ತುಂಬಿರತೈತಿ ನಮ್ಮ ಮನಿ!"

ನಾನು ಅದನ್ನು ಮೊಬೈಲಿನಲ್ಲಿ ಹಿಡಿದು, ಅತ್ತೆಯ ಪೆನ್ ಡ್ರೈವಿಗೆ ಹಾಕಿ, ಜಾಗವಿಲ್ಲವೆಂದು ಮೊಬೈಲಿನಿಂದ ಅಳಿಸಿದೆ. ಮರುದಿನದಿಂದಲೇ ಮಾವ, "ನಾ ಎಲ್ಲಿ ಅಂದೀನಿ? ಸುಳ್ಳ ಹೇಳತಾಳ ಇಕಿ" ಎಂದು ಶುರುಮಾಡಿದರು. ಅತ್ತೆಗೆ ಅದೇ ಬೇಕಿತ್ತು. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಟಿವಿಗೆ ಪೆನ್ ಡ್ರೈವ್ ಚುಚ್ಚಿ ಪುರಾವೆ ತೋರಿಸುತ್ತಿದ್ದಳು.

ಆಮೇಲೆ ಬಂತು ಖಂಡೆಪೂಜೆ, ಅಂದರೆ ದಸರೆಯ ಆಯುಧಪೂಜೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಯಂತ್ರ, ಕುಡುಗೋಲು, ಔಷಧಿ ಹೊಡೆಯುವ ಪಂಪು, ಎಲ್ಲವನ್ನೂ ತೊಳೆದು ಪೂಜಿಸಿದ ಅತ್ತೆ ಪೆನ್ ಡ್ರೈವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿಯ ನೀರು ಚಿಮುಕಿಸಿ, ಹಸಿಹಸಿಯಾಗಿಯೇ ಟಿವಿಗೆ ಚುಚ್ಚಿದಳು. ಅದು ಒಮ್ಮೆ ಕಣ್ಣು ಮಿಟುಕಿಸಿ ತಣ್ಣಗಾಯಿತು. ನಾನು ಹೌಹಾರಿದರೆ, "ಎಲ್ಲಾ ಮಷೀನ ತೊಳದೆ. ಇದನ್ನೊಂದ ಹೊಲಸ ಬಿಡ್ಲೇನು?" ಎಂದು ನನ್ನನ್ನೇ ಕೇಳಿದಳು.

ಮಾವನಿಗೆ ಹಬ್ಬದ ಮೇಲೆ ಹಬ್ಬ. ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಬಿಜ್ಜರಗಿಯ ಬೀಗರು ಒಡಪಿನ ಸಂಗತಿ ಕೇಳಿದ್ದರೇ ಹೊರತು ಕಂಡಿರಲಿಲ್ಲ. ಟಿವಿಯಲ್ಲಿ ತೋರಿಸುತ್ತೇನೆಂದು ಅತ್ತೆ ಅವರಿಗೆ ಮಾತು ಕೊಟ್ಟಿದ್ದಳು. "ಈಗ ತೋರಸು ನೋಡೋಣು!" ಎಂದು ಮಾವ ಮೀಸೆ ತಿರುವಿದರು.

ನಾನು ವಿಜಯಪುರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಆದ್ದರಿಂದ ನಮ್ಮ ಬಳಗದಲ್ಲಿ ಮಿಕ್ಸರಿನಿಂದ ಬೋರಿನ ಮೋಟಾರಿನವರೆಗೆ ಕೆಟ್ಟದ್ದೆಲ್ಲ ನನ್ನ ಇಲಾಖೆ. ಕುಬಸದ ಹಿಂದಿನ ದಿನ ಲ್ಯಾಪ್‌ಟಾಪ್ ಹೊತ್ತು ತಿಕೋಟಾಕ್ಕೆ ಹೋದೆ. ಚುಚ್ಚಿ ನೋಡಿದರೆ ಪೆನ್ ಡ್ರೈವಿನ ಅಳತೆಯೇ ಸೊನ್ನೆ ಎಂದು ತೋರಿಸುತ್ತಿತ್ತು. ಪ್ಲಾಸ್ಟಿಕ್ ಕವಚ ಉಗುರಿನಿಂದ ಬಿಡಿಸಿದೆ. ಒಳಗಿರುವುದು ಎರಡೇ ಚಿಪ್. ಒಂದು ಉಗ್ರಾಣ, ಇನ್ನೊಂದು ಅದರ ಕೀಲಿ ಹಿಡಿದ ಕಂಟ್ರೋಲರ್. ಉಗ್ರಾಣ ನೆಟ್ಟಗಿತ್ತು, ಕಂಟ್ರೋಲರಿಗೆ ತನ್ನ ಕೆಲಸವೇ ಮರೆತುಹೋಗಿತ್ತು. ಆ ಕೆಲಸ ನೆನಪಿಸುವ ಬರಹಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಹೊಸದಾಗಿ ತುಂಬಬೇಕು. ಕಂಟ್ರೋಲರಿನ ಮೇಲಿನ ಸಂಖ್ಯೆ ಓದಿ, ಅದಕ್ಕೆ ಸರಿಹೊಂದುವ ತಂತ್ರಾಂಶವನ್ನು ಹುಡುಕಿ ಇಳಿಸಿಕೊಂಡೆ.

ಕೆಲಸಕ್ಕೆ ಕೈಗಳು ಸಾಲಲಿಲ್ಲ. ಉಗ್ರಾಣದ ಚಿಪ್ಪಿನ ಎರಡು ಕಾಲುಗಳನ್ನು ಸೂಜಿಯಿಂದ ಕೂಡಿಸಿ ಹಿಡಿದರೆ ಮಾತ್ರ ಕಂಟ್ರೋಲರ್ ಹೊಸ ಪಾಠ ಕೇಳುತ್ತದೆ. ಕೌದಿ ಹೊಲಿಯುವ ಸೂಜಿ ಹಿಡಿದು ಅತ್ತೆ ಕೂತಳು. ಸಡಿಲಾದ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಒತ್ತಿ ಹಿಡಿಯಲು ನನ್ನ ಎರಡೂ ಕೈ ಹೋದವು. ಉಳಿದದ್ದು ಮೌಸು. ಅಯ್ಯೋ ದೇವರೇ, ಮನೆಯಲ್ಲಿ ಉಳಿದವರು ಮಾವ ಒಬ್ಬರೇ!

"ಮಾವಾರ, ಮ್ಯಾಲಿನ ಚೌಕದಾಗ ಗುರುತ ಐತಲ್ರಿ, ಅದನ್ನ ತಗೀರಿ. ತಗೀಲಿಲ್ಲಂದ್ರ ಒಳಗಿಂದೆಲ್ಲಾ ಅಳಿಸಿ ಹೋಗತೈತಿ. ಅದರ ಕೆಳಗ ಹೆಸರ ಹಾಕೂ ಜಾಗಾ ಐತಿ, ಅದು ಖಾಲಿ ಇರಲಿ. ಆಮ್ಯಾಲೆ ಹಸರ ಗುಂಡಿ ಒತ್ರಿ" ಎಂದೆ.

ಅಂದ ಮೇಲೆ ನನ್ನ ತಪ್ಪು ಹೊಳೆಯಿತು. ಅಳಿಸಿಹೋಗಲಿ ಎಂಬುದೇ ಅಲ್ಲವೇ ಅವರ ಆಸೆ? ಮಾವ ಚಷ್ಮಾ ಏರಿಸಿಕೊಂಡು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಮೀಸೆಯಡಿಯ ನಗು ನನಗೆ ಚೂರೂ ಹಿಡಿಸಲಿಲ್ಲ.

ಅತ್ತೆ ಸೂಜಿಯಿಂದ ಕಣ್ಣು ಎತ್ತಲಿಲ್ಲ. "ನಾ ಏನೂ ಅನ್ನಂಗಿಲ್ರಿ. ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎಂದಳು. ಆಮೇಲೆ, "ಅದೊಂದ ಸಲ ನನ್ನ ಹೆಸರ ತಗದೀರಿ" ಎಂದಳು. ಹಿಡಿದ ಸೂಜಿ ಅಲುಗಲಿಲ್ಲ.

ಮಾವ ಕೆಮ್ಮಿದರು. ಕೀಬೋರ್ಡಿನ ಮೇಲೆ ಟಕ್, ಟಕ್ ಎಂದು ಸದ್ದಾಯಿತು.

"ಮಾವಾರ, ಅದನ್ನ ಮುಟ್ಟಬ್ಯಾಡ್ರಿ!"

"ನೊಣ ಕುಂತಿತ್ತ ಬಿಡವಾ" ಎಂದು ಗುಂಡಿ ಒತ್ತಿಯೇಬಿಟ್ಟರು.

ಹಸಿರು ಪಟ್ಟಿ ತೆವಳುತ್ತ ಕೊನೆ ಮುಟ್ಟಿತು. ಪೆನ್ ಡ್ರೈವ್ ಕಣ್ಣು ಮಿಟುಕಿಸಿತು. ಕಿತ್ತು ನೇರ ಟಿವಿಗೆ ಚುಚ್ಚಿದೆ. ಹೊಸ್ತಿಲು, ಹೆಂಗಸರ ಗದ್ದಲ, ಬೆವೆತ ಮಾವ, ಎಲ್ಲವೂ ಇತ್ತು! ಗುರುತು ತೆಗೆದೇ ಒತ್ತಿದ್ದರು ಪುಣ್ಯಾತ್ಮರು. ಅತ್ತೆ ನನ್ನನ್ನು ಎಳೆದುಕೊಂಡು ಗಿರಿಗಿರಿ ತಿರುಗಿಸಿದಳು. ಸೂಜಿ ಇನ್ನೂ ಕೈಯಲ್ಲೇ ಇತ್ತು, ನಾನು ಚೀರಿದೆ. ಮರುದಿನ ಬಿಜ್ಜರಗಿಯ ಬೀಗರು ಹಾಕಿ ಹಾಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ, "ಅಂವ ನಾ ಅಲ್ರಿ, ನನ್ನಂಗ ಕಾಣಾವ ಯಾವನೋ!" ಎನ್ನುತ್ತ ಊಟಕ್ಕೆ ಬಡಿಸಲು ಎದ್ದರು.

ಅದೇ ಪೆನ್ ಡ್ರೈವನ್ನು ಇಷ್ಟು ವರ್ಷಗಳ ಮೇಲೆ ನಿನ್ನೆ ಮತ್ತೆ ಕಂಪ್ಯೂಟರಿಗೆ ಚುಚ್ಚಿದೆ. ಟಿವಿಯಲ್ಲಿ ಕಾಣದ್ದು ಇಲ್ಲಿ ಕಂಡಿತು. ಹೊಸ ಸಾಧನ ಬಂದಿದೆ ಎಂದು ಪರದೆಯ ಮೂಲೆಯಲ್ಲಿ ಸೂಚನೆ ಎದ್ದಿತು, ಸಾಧನದ ಹೆಸರಿನ ಜಾಗದಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳು: ಕಮಲಾ.

ನೊಣ ಕೂತಿತ್ತಂತೆ ನೊಣ! ಎಂಥ ಓದುಬರಹ ಬಲ್ಲ ನೊಣ! ಆ ಹೆಸರು ಕೂತಿರುವುದು ಫರ್ಮ್‌ವೇರಿನಲ್ಲಿ. ಒಳಗಿರುವುದನ್ನೆಲ್ಲ ಅಳಿಸಿದರೂ ಅದು ಹೋಗುವುದಿಲ್ಲ. ಅಂದಿನಿಂದ ಮಾವ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾರೆ. ಕೂಡಲೇ ಅತ್ತೆಗೆ ಫೋನು ಮಾಡಿ, ಉಸಿರು ಬಿಡದೆ ಎಲ್ಲ ಹೇಳಿದೆ.

"ಅತ್ತಿ, ಅದಿಯೇನಬೇ?"

ಫೋನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಬಸವಂತಪ್ಪಾ! ಏ ಬಸವಂತಪ್ಪಾ! ಬರ್ರಿ ಇಲ್ಲೆ!"

ಮಾವನ ಹೆಸರನ್ನು ಅತ್ತೆಯ ಬಾಯಲ್ಲಿ ಒಡಪಿಲ್ಲದೆ ಕೇಳಿದ್ದು ಅದೇ ಮೊದಲು. ದೂರದಿಂದ, ಶಾಲೆಯ ಹುಡುಗ ಹಾಜರಿ ಹೇಳಿದಂತೆ, ಮಾವ "ಓ" ಎಂದರು.